ಹಗುರವಾದ ಕೈಗೊಡಲಿ ಕೊಳ್ಳಲೇ, ಮಡಚುವ ಗರಗಸ ಸಾಕೇ?

ಪ್ರಶ್ನೆ: ನಾನು ದಾವಣಗೆರೆಯವನು, ವಯಸ್ಸು 34. ಖಾಸಗಿ ಕಚೇರಿಯಲ್ಲಿ ಕೆಲಸ. ನಾವು ನಾಲ್ವರು ಗೆಳೆಯರು ರಜೆ ಸಿಕ್ಕಾಗಲೆಲ್ಲ ಬೆಟ್ಟ ಹತ್ತುತ್ತೇವೆ. ಇದುವರೆಗೆ ಬೆಳಿಗ್ಗೆ ಹೋಗಿ ಸಂಜೆಗೆ ಮರಳುತ್ತಿದ್ದೆವು. ಈಗ ಹೊಸದುರ್ಗದ ಕಡೆ ನಮ್ಮ ಭಾವನವರ ಜಮೀನಿನಲ್ಲಿ ರಾತ್ರಿ ತಂಗಿ, ಬೆಂಕಿ ಹೊತ್ತಿಸುವುದು, ಆಸರೆ ಕಟ್ಟುವುದು ಎಲ್ಲವನ್ನೂ ಕಲಿಯಬೇಕೆಂದಿದ್ದೇವೆ. ಮುಂದೆ ಮಲೆನಾಡು, ಆಮೇಲೆ ಉತ್ತರಾಖಂಡದ ಚಾರಣದ ಯೋಚನೆ ಇದೆ. ಬೆನ್ನಿನ ಚೀಲ ಒಂಬತ್ತು ಕಿಲೋ ಮೀರಬಾರದು ಎಂಬುದು ನಮ್ಮ ನಿಯಮ. ಕಟ್ಟಿಗೆ ಕಡಿಯಲು ಅರ್ಧ ಕಿಲೋ ತೂಗುವ ಕೈಗೊಡಲಿಯೊಂದನ್ನು ನೋಡಿಟ್ಟಿದ್ದೇನೆ. ಒಬ್ಬ ಗೆಳೆಯ ಉಂಗುರದಂತೆ ಸುತ್ತಿಡುವ ತಂತಿ ಗರಗಸ ಸಾಕು ಎನ್ನುತ್ತಾನೆ. ಇನ್ನೊಬ್ಬ, ಬೆನ್ನಿನ ಮೇಲೆ ಹಲ್ಲುಗಳಿರುವ ದೊಡ್ಡ ಚಾಕು ತಂದರೆ ಬೇರೇನೂ ಬೇಡ ಎನ್ನುತ್ತಾನೆ. ಅಪ್ಪನಂತೂ ‘ಕುಲುಮೆಯಲ್ಲಿ ಒಂದು ಮಚ್ಚು ಮಾಡಿಸಿಕೊಂಡು ಹೋಗು, ದುಡ್ಡು ಯಾಕೆ ಹಾಳು ಮಾಡುತ್ತೀಯ’ ಎನ್ನುತ್ತಾರೆ. ದಾರಿ ತಪ್ಪಿ ಒಂದು ರಾತ್ರಿ ಕಾಡಿನಲ್ಲೇ ಉಳಿಯಬೇಕಾದರೆ ಇವುಗಳಲ್ಲಿ ಯಾವುದು ಕೈ ಹಿಡಿಯುತ್ತದೆ? ಮೂರು ಸಾವಿರ ರೂಪಾಯಿಯೊಳಗೆ ಆಗಬೇಕು. ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ಕಾಡಿಗೆ ಇದನ್ನೆಲ್ಲ ಒಯ್ಯಬಹುದೇ?

ಉತ್ತರ: ನೀವು ನಾಲ್ಕು ಹತ್ಯಾರುಗಳ ಹೆಸರು ಹೇಳಿದ್ದೀರಿ. ಆದರೆ ಪತ್ರದ ತುಂಬ ಇರುವ ಆತಂಕ ಒಂದೇ: ಕತ್ತಲಾದ ಮೇಲೆ ಕಾಡಿನಲ್ಲಿ ಸಿಕ್ಕಿಬಿದ್ದರೆ ಬೆಂಕಿಗೆ ಕಟ್ಟಿಗೆ ಹೊಂದಿಸಲು ಆಗುತ್ತದೆಯೋ ಇಲ್ಲವೋ ಎಂಬುದು. ಆ ಆತಂಕ ತಪ್ಪಲ್ಲ. ಬೆಳಿಗ್ಗೆ ಹೋಗಿ ಸಂಜೆ ಬರುವವರೇ ಹೆಚ್ಚಾಗಿ ಸಿಕ್ಕಿಬೀಳುತ್ತಾರೆ. ರಾತ್ರಿ ತಂಗುವ ತಯಾರಿ ಅವರ ಬಳಿ ಇರುವುದಿಲ್ಲ.

ನಾನು ಅರಣ್ಯ ಇಲಾಖೆಯಲ್ಲಿ ಕ್ಷೇತ್ರ ಸಿಬ್ಬಂದಿಯಾಗಿ ದುಡಿದವನು. ಬೇಸಿಗೆಗೆ ಮುನ್ನ ಬೆಂಕಿ ರೇಖೆ (ಕಾಡ್ಗಿಚ್ಚು ಹರಡದಂತೆ ಹುಲ್ಲು, ಕುರುಚಲು ಸವರಿದ ಪಟ್ಟಿ) ತೆಗೆಯುವ ಕೂಲಿಯಾಳುಗಳ ಜೊತೆ ವರ್ಷಗಟ್ಟಲೆ ಓಡಾಡಿದ್ದೇನೆ. ನಿವೃತ್ತಿಯ ನಂತರ ಚಾರಣ ತಂಡಗಳಿಗೆ ತರಬೇತಿ ಕೊಡುತ್ತಿದ್ದೇನೆ. ಆ ಅನುಭವದಿಂದ ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಹದಿನೆಂಟು ಇಪ್ಪತ್ತು ಸೆಂಟಿಮೀಟರ್ ಅಲಗಿನ ಒಂದು ಮಡಚುವ ಗರಗಸ, ಅದರ ಜೊತೆ ಅಂಗೈ ಅಗಲದಷ್ಟು ಉದ್ದದ ಅಲಗಿನ ಒಂದು ಗಟ್ಟಿ ಚಾಕು. ಎರಡೂ ಸೇರಿ ಮುನ್ನೂರೈವತ್ತು ಗ್ರಾಂ ದಾಟುವುದಿಲ್ಲ. ನೋಡಿಟ್ಟಿರುವ ಕೈಗೊಡಲಿಯನ್ನು ಬಿಟ್ಟುಬಿಡಿ.

ಇದಕ್ಕೆ ಕಾರಣ ಸರಳ. ಹಗುರ ಎಂಬುದು ಎಳೆದು ಕೊಯ್ಯುವ ಹತ್ಯಾರಿಗೆ ಗುಣ, ಬೀಸಿ ಹೊಡೆಯುವ ಹತ್ಯಾರಿಗೆ ದೋಷ. ಕೊಳ್ಳುವಾಗ ಈ ಒಂದು ವ್ಯತ್ಯಾಸ ನೆನಪಿನಲ್ಲಿದ್ದರೆ ಜಾಹೀರಾತುಗಳಲ್ಲಿ ಮುಕ್ಕಾಲು ಪಾಲನ್ನು ಪಕ್ಕಕ್ಕೆ ಸರಿಸಬಹುದು.

ಹಗುರ ಕೊಡಲಿಯ ತೊಂದರೆ

ಕೊಡಲಿ ಕೆಲಸ ಮಾಡುವುದು ತನ್ನ ತಲೆಯ ತೂಕದಿಂದ ಮತ್ತು ಆ ತಲೆ ಬಂದು ಬಡಿಯುವ ವೇಗದಿಂದ. ತಲೆಯ ತೂಕ ಅರ್ಧವಾದರೆ ಹೊಡೆತದ ಶಕ್ತಿಯೂ ಅರ್ಧಕ್ಕೆ ಇಳಿಯುತ್ತದೆ. ವೇಗ ಅರ್ಧವಾದರೆ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಚೀಲಕ್ಕೆ ಹಿಡಿಸಲೆಂದು ಮಾಡಿದ ಕೈಗೊಡಲಿಯಲ್ಲಿ ಎರಡೂ ಕಡಿತವಾಗಿರುತ್ತವೆ: ತಲೆ ಚಿಕ್ಕದು, ಕಾವು (ಮರದ ಹಿಡಿ) ಗಿಡ್ಡದು. ಆ ಕೊರತೆಯನ್ನು ತುಂಬುವುದು ನಿಮ್ಮ ತೋಳು. ಹಳ್ಳಿಯಲ್ಲಿ ಸೌದೆ ಒಡೆಯುವವರನ್ನು ಗಮನಿಸಿ. ಅವರು ಕೊಡಲಿಯನ್ನು ಮೇಲೆತ್ತುವುದಕ್ಕೆ ಮಾತ್ರ ಶ್ರಮ ಹಾಕುತ್ತಾರೆ, ಇಳಿಯುವಾಗ ತೂಕವೇ ಕೆಲಸ ಮಾಡುತ್ತದೆ. ಹಗುರ ಕೊಡಲಿಯಲ್ಲಿ ಇಳಿಸುವುದಕ್ಕೂ ನೀವೇ ಬಲ ಹಾಕಬೇಕು. ಹತ್ತು ಹೊಡೆತಕ್ಕೆ ಮುಂಗೈ ಸೋಲುತ್ತದೆ. ಸೋತ ಕೈಯಿಂದ ಬೀಸಿದ ಕೊಡಲಿ ಗುರಿ ತಪ್ಪುತ್ತದೆ.

ಗುರಿ ತಪ್ಪಿದಾಗ ಏನಾಗುತ್ತದೆ ಎಂಬುದು ಇನ್ನೂ ಮುಖ್ಯ. ಸಣ್ಣ ಕೊಡಲಿ ಅಪಾಯ ಕಡಿಮೆ ಎಂದು ಬಹಳ ಜನ ನಂಬಿದ್ದಾರೆ. ವಾಸ್ತವ ಅದಕ್ಕೆ ತಿರುಗುಮುರುಗು. ಉದ್ದ ಕಾವಿನ ಕೊಡಲಿ ಗುರಿ ತಪ್ಪಿದರೆ ಸಾಮಾನ್ಯವಾಗಿ ಕಾಲಿನ ಮುಂದಿನ ನೆಲಕ್ಕೆ ಬಡಿಯುತ್ತದೆ. ಗಿಡ್ಡ ಕಾವಿನದು ತನ್ನ ವೃತ್ತ ಮುಗಿಸುವ ಜಾಗದಲ್ಲಿ ನಿಮ್ಮ ಮೊಣಕಾಲು, ಮುಂಗಾಲಿನ ಮೂಳೆ ಇರುತ್ತದೆ. ಅದಕ್ಕೇ ಕೈಗೊಡಲಿ ಬಳಸಲೇಬೇಕಾದವರಿಗೆ ನಾನು ಮೊದಲು ಹೇಳಿಕೊಡುವುದು ಮಂಡಿಯೂರಿ ಕೂರುವುದನ್ನು, ಕಟ್ಟಿಗೆಯನ್ನು ದಪ್ಪ ಕೊರಡಿನ ಆಚೆ ಬದಿಗೆ ಇಟ್ಟು ಹೊಡೆಯುವುದನ್ನು. ಹಾಗೆ ಕೂತರೆ ತಪ್ಪಿದ ಹೊಡೆತ ಕೊರಡಿಗೋ ನೆಲಕ್ಕೋ ಬೀಳುತ್ತದೆ.

ಇನ್ನು ನಮ್ಮ ಮರಗಳ ಮಾತು. ನೀವು ನೋಡಿದ ವಿಡಿಯೊಗಳಲ್ಲಿ ಅರ್ಧ ಕಿಲೋ ಕೊಡಲಿ ಸಲೀಸಾಗಿ ಕಡಿಯುತ್ತಿದ್ದರೆ, ಅಲ್ಲಿ ಕಡಿಸಿಕೊಳ್ಳುತ್ತಿರುವುದು ಚಳಿ ದೇಶಗಳ ಪೈನ್, ಸ್ಪ್ರೂಸ್ ಜಾತಿಯ ಮೆದು ಮರ. ಎಳೆ ನೇರ, ತೂಕ ಕಡಿಮೆ. ಚಿತ್ರದುರ್ಗ, ದಾವಣಗೆರೆ ಸೀಮೆಯಲ್ಲಿ ನಿಮ್ಮ ಕೈಗೆ ಸಿಗುವುದು ಕರಿಜಾಲಿ, ಬಳ್ಳಾರಿ ಜಾಲಿ, ದಿಂಡಿಗ, ಬೇವು, ಅಲ್ಲೊಂದು ಇಲ್ಲೊಂದು ಕಮರ. ಕಮರದ ಚೇಗು (ಮರದ ಒಳಗಿನ ಗಟ್ಟಿ ತಿರುಳು) ನೀರಿನಲ್ಲಿ ಮುಳುಗುವಷ್ಟು ಭಾರ. ದಿಂಡಿಗವನ್ನು ಹಿಂದಿನವರು ಗಾಡಿಯ ಅಚ್ಚಿಗೆ, ಹತ್ಯಾರುಗಳ ಹಿಡಿಗೆ ಬಳಸುತ್ತಿದ್ದುದು ಅದು ಪೆಟ್ಟು ತಡೆಯುತ್ತದೆ ಎಂಬ ಕಾರಣಕ್ಕೇ. ಒಣಗಿದ ಜಾಲಿಗೆ ಹಗುರ ಕೊಡಲಿ ಬಿದ್ದರೆ ಒಳಹೋಗದೆ ಪುಟಿಯುತ್ತದೆ. ತೆಳುವಾಗಿ ಮಸೆದ ಬಾಯಿಯಾದರೆ ಚಕ್ಕೆ ಹಾರುತ್ತದೆ.

ಕೊಡಲಿಯೇ ಬೇಡ ಎಂದು ನಾನು ಹೇಳುತ್ತಿಲ್ಲ. ವಾಹನ ಹೋಗುವ ಜಾಗದಲ್ಲಿ ಬಿಡಾರ ಹೂಡುವುದಾದರೆ, ಭಾವನವರ ಮನೆಯಲ್ಲೇ ಇರುವ ಉದ್ದ ಕಾವಿನ ಕೊಡಲಿಯನ್ನು ತೆಗೆದುಕೊಂಡು ಹೋಗಿ. ಬಳಸುವ ಮುನ್ನ ಅದನ್ನು ತಲೆಕೆಳಗು ಹಿಡಿದು ಕಾವು ಕೂತ ಜಾಗ ನೋಡಿ. ಬೆಣೆ ಸಡಿಲವಾಗಿದ್ದರೆ, ಕಾವಿನ ಎಳೆಗಳು ಉದ್ದಕ್ಕೆ ಸಾಗದೆ ಓರೆಯಾಗಿ ಹೊರಬಿದ್ದಿದ್ದರೆ, ಆ ಕೊಡಲಿಯನ್ನು ಎತ್ತಬೇಡಿ. ಸಡಿಲ ತಲೆಯನ್ನು ನೀರಿನಲ್ಲಿ ನೆನೆಸಿ ಬಿಗಿ ಮಾಡುವುದು ಒಂದು ದಿನದ ಉಪಾಯ ಅಷ್ಟೇ. ಕಾವು ಒಣಗಿದ ಮೇಲೆ ಮೊದಲಿಗಿಂತ ಸಡಿಲವಾಗುತ್ತದೆ.

ಗರಗಸ ಯಾಕೆ

ಮಡಚುವ ಗರಗಸಗಳಲ್ಲಿ ಒಳ್ಳೆಯವು ಎಳೆಯುವಾಗ ಕೊಯ್ಯುತ್ತವೆ. ತಳ್ಳುವಾಗ ಕೊಯ್ಯುವ ಗರಗಸಕ್ಕೆ ಬಾಗದಂತೆ ದಪ್ಪ ಅಲಗು ಬೇಕು. ಎಳೆಯುವಾಗ ಅಲಗು ತಾನಾಗಿ ನೇರವಾಗಿ ಬಿಗಿಯುತ್ತದೆ, ಆದ್ದರಿಂದ ತೆಳ್ಳಗಿದ್ದರೂ ನಡೆಯುತ್ತದೆ. ಅಲಗು ತೆಳ್ಳಗಾದಷ್ಟೂ ನೀವು ಪುಡಿ ಮಾಡಬೇಕಾದ ಮರ ಕಡಿಮೆ, ಶ್ರಮ ಕಡಿಮೆ. ತೂಕ ಇಳಿಸಿದ್ದರಿಂದ ಕೆಲಸ ಸುಲಭವಾಗುವ ಹತ್ಯಾರು ನನಗೆ ಗೊತ್ತಿರುವಂತೆ ಇದೊಂದೇ.

ಸುರಕ್ಷತೆಯ ದೃಷ್ಟಿಯಿಂದಲೂ ಇದು ಮೇಲು. ಬೀಸುವುದಿಲ್ಲ, ಹಾರುವುದಿಲ್ಲ, ಕತ್ತಲಲ್ಲಿ ತಲೆಗೆ ಕಟ್ಟಿದ ದೀಪದ ಬೆಳಕಿನಲ್ಲಿ ಕೂತು ಕೊಯ್ಯಬಹುದು. ಗಾಯ ಆಗುವುದೇ ಇಲ್ಲ ಎಂದಲ್ಲ. ಗರಗಸದ ಗಾಯ ಹೆಚ್ಚಾಗಿ ಆಗುವುದು ಮೊದಲ ಎರಡು ಎಳೆತದಲ್ಲಿ. ಅಲಗು ಗೆರೆ ಕಚ್ಚುವ ಮೊದಲೇ ಜೋರಾಗಿ ಎಳೆದರೆ ಜಾರಿ, ಕೊಂಬೆ ಹಿಡಿದ ಎಡಗೈಯ ಹೆಬ್ಬೆರಳಿನ ಮೇಲೆ ಬರುತ್ತದೆ. ಎಡಗೈಯನ್ನು ಅಲಗಿನಿಂದ ಒಂದು ಗೇಣಾದರೂ ದೂರ ಇಡಿ, ಚರ್ಮದ ಕೈಗವಸು ಹಾಕಿ, ಮೊದಲ ಗೆರೆಯನ್ನು ಮೆಲ್ಲಗೆ ಹಾಕಿ.

ಕೊಯ್ಯುವ ವಿಧಾನವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಹೆಚ್ಚಿನವರ ಗರಗಸ ಮುರಿಯುವುದು ಇಲ್ಲಿಯೇ. ಮಣಿಕಟ್ಟಿನ ದಪ್ಪದ ಒಣ ಜಾಲಿ ಕೊಂಬೆಯನ್ನು ಎರಡು ಕಲ್ಲುಗಳ ಮೇಲೆ ಸೇತುವೆಯಂತೆ ಇಟ್ಟು ನಡುವೆ ಮೇಲಿನಿಂದ ಕೊಯ್ದಿರಿ ಎನ್ನಿ. ಮೊದಲು ತಿಳಿ ಬಣ್ಣದ ಪುಡಿ ಉದುರುತ್ತದೆ, ಚೇಗಿಗೆ ತಾಗಿದಾಗ ಪುಡಿಯ ಬಣ್ಣ ಕೆಂಪುಗಂದಾಗುತ್ತದೆ, ಎಳೆತ ಬಿಗಿಯಾಗುತ್ತದೆ. ಅರ್ಧ ದಾಟುತ್ತಿದ್ದಂತೆ ಕೊಂಬೆ ತನ್ನ ಭಾರಕ್ಕೆ ತಾನೇ ಕೆಳಗೆ ಬಾಗಿ, ಕೊಯ್ದ ಸೀಳು ಮೇಲಿನಿಂದ ಮುಚ್ಚಿಕೊಂಡು ಅಲಗನ್ನು ಕಚ್ಚಿ ಹಿಡಿಯುತ್ತದೆ. ಆಗ ಸಿಟ್ಟಿನಿಂದ ತಳ್ಳಿದರೆ ಅಲಗು ಬಾಗುತ್ತದೆ ಅಥವಾ ಹಿಡಿಯ ಬಳಿ ಮುರಿಯುತ್ತದೆ. ಹಾಗಾಗದಂತೆ ಕೊಂಬೆಯ ಒಂದು ತುದಿಯನ್ನು ಮಾತ್ರ ಕಲ್ಲಿನ ಮೇಲಿಟ್ಟು ಕಾಲಿನಿಂದ ಒತ್ತಿ, ಗಾಳಿಯಲ್ಲಿ ಚಾಚಿರುವ ಭಾಗವನ್ನು ಕೊಯ್ಯಿರಿ. ಸೀಳು ತಾನಾಗಿ ತೆರೆದುಕೊಳ್ಳುತ್ತಾ ಹೋಗುತ್ತದೆ. ದಪ್ಪ ಕೊಂಬೆಯಾದರೆ ಮೊದಲು ಅಡಿಯಿಂದ ಕಾಲು ಭಾಗ ಕೊಯ್ದು ಆಮೇಲೆ ಮೇಲಿನಿಂದ ಬನ್ನಿ. ಇಲ್ಲದಿದ್ದರೆ ಕೊನೆಯಲ್ಲಿ ತೊಗಟೆ ಸಮೇತ ಸಿಬಿರು ಹರಿದು ಬರುತ್ತದೆ.

ಅಂಗಡಿಯಲ್ಲಿ ನೋಡಬೇಕಾದದ್ದು ಬ್ರಾಂಡಿಗಿಂತ ಬೀಗವನ್ನು. ಅಲಗು ಬಿಚ್ಚಿದಾಗಲೂ ಮಡಚಿದಾಗಲೂ ಬಿಗಿಯಾಗಿ ನಿಲ್ಲಬೇಕು. ಬಿಚ್ಚಿ ಹಿಡಿದು ಎಡಬಲಕ್ಕೆ ಅಲ್ಲಾಡಿಸಿದರೆ ಕೀಲು ಆಡಬಾರದು. ಹಲ್ಲುಗಳ ತುದಿ ನೀಲಿ ಅಥವಾ ಕಪ್ಪು ಬಣ್ಣಕ್ಕೆ ತಿರುಗಿದ್ದರೆ ಅವನ್ನು ವಿಶೇಷವಾಗಿ ಕಾಯಿಸಿ ಗಟ್ಟಿ ಮಾಡಿದ್ದಾರೆ ಎಂದರ್ಥ. ಬಹಳ ಕಾಲ ಹರಿತವಾಗಿರುತ್ತವೆ, ಆದರೆ ಅರದಿಂದ ಮಸೆಯಲಾಗದು. ಮೊಂಡಾದಾಗ ಅಲಗನ್ನೇ ಬದಲಿಸಬೇಕು. ಹಾಗಾಗಿ ಬದಲಿ ಅಲಗು ಸಿಗುತ್ತದೆಯೇ ಎಂದು ಕೇಳಿಯೇ ಕೊಳ್ಳಿ. ಇಂಚಿಗೆ ಏಳೆಂಟು ಹಲ್ಲು ಇರುವುದು ನಮ್ಮ ಒಣ ಗಟ್ಟಿ ಮರಕ್ಕೆ ಹೊಂದುತ್ತದೆ. ಅದಕ್ಕಿಂತ ಒರಟಾದವು ಹಸಿ ಮರಕ್ಕೆ ಚೆನ್ನ. ಚಾರಣದ ಸಾಮಾನಿನ ಅಂಗಡಿಯನ್ನೇ ಹುಡುಕಬೇಕಾಗಿಲ್ಲ. ಹಿರಿಯೂರು, ಹೊಸದುರ್ಗದ ದಾಳಿಂಬೆ ಬೆಳೆಗಾರರು ಗಿಡ ಸವರಲು ಇಂಥದೇ ಗರಗಸ ಬಳಸುತ್ತಾರೆ. ಕೃಷಿ ಸಲಕರಣೆಯ ಅಂಗಡಿಯಲ್ಲಿ ಕೇಳಿ, ಕೈಯಲ್ಲಿ ಹಿಡಿದು ನೋಡಿ ತರಬಹುದು.

ಇದರ ಮಿತಿ ಏನೆಂದರೆ, ತೋಳಿನ ದಪ್ಪಕ್ಕಿಂತ ಹೆಚ್ಚಿನ ಮರಕ್ಕೆ ಇದು ಅಲ್ಲ, ಕಟ್ಟಿಗೆಯನ್ನು ಉದ್ದಕ್ಕೆ ಸೀಳಲೂ ಬರುವುದಿಲ್ಲ.

ತಂತಿ ಗರಗಸ, ಹಲ್ಲಿನ ಚಾಕು

ನಿಮ್ಮ ಗೆಳೆಯರು ಹೇಳಿದ ತಂತಿ ಗರಗಸ ಮೂವತ್ತು ಗ್ರಾಂ ಇರಬಹುದು. ಆದರೆ ಅದನ್ನು ಎರಡೂ ಉಂಗುರ ಹಿಡಿದು ಕೊಂಬೆಯ ಸುತ್ತ ಚೂಪಾಗಿ ಬಾಗಿಸಿ ಎಳೆದರೆ ಉಜ್ಜುವಿಕೆಯ ಬಿಸಿಗೂ ಬಾಗುವಿಕೆಗೂ ತಂತಿಯ ಎಳೆಗಳು ಒಂದೊಂದೇ ಹರಿಯುತ್ತವೆ. ಹಸಿ ಕೋಲನ್ನು ಬಿಲ್ಲಿನಂತೆ ಬಾಗಿಸಿ ತಂತಿಯನ್ನು ಬಿಗಿದರೆ ಸ್ವಲ್ಪ ಹೆಚ್ಚು ಬಾಳುತ್ತದೆ. ಆ ಕೋಲನ್ನು ಕಡಿಯಲು ಮತ್ತೊಂದು ಹತ್ಯಾರು ಬೇಕಲ್ಲ! ಇದಕ್ಕಿಂತ ಕೈಯಿಂದ ಎಳೆಯುವ ಸರಪಳಿ ಗರಗಸ ವಾಸಿ. ಸುಮಾರು ನೂರೈವತ್ತು ಗ್ರಾಂ, ಇಬ್ಬರು ಎದುರುಬದುರು ನಿಂತು ಎಳೆದರೆ ತೊಡೆ ದಪ್ಪದ ಮರವನ್ನೂ ಕೊಯ್ಯಬಹುದು. ಒಬ್ಬನೇ ಇದ್ದಾಗ, ಒಂದು ಕೈಗೆ ಪೆಟ್ಟಾಗಿದ್ದಾಗ ಅದು ನಿರುಪಯೋಗಿ. ಆಪತ್ತಿಗೆ ಕೊಳ್ಳುವ ವಸ್ತು ಒಂದೇ ಕೈಯಲ್ಲಿ ನಡೆಯಬೇಕು ಎಂಬುದು ನನ್ನ ಅಭಿಪ್ರಾಯ.

ಬೆನ್ನಿನ ಮೇಲೆ ಹಲ್ಲಿರುವ ದೊಡ್ಡ ಚಾಕುವನ್ನು ಮಾತ್ರ ಕೊಳ್ಳಲೇಬೇಡಿ. ಗರಗಸದ ಹಲ್ಲುಗಳನ್ನು ಎಡಬಲಕ್ಕೆ ಒಂಚೂರು ಬಾಗಿಸಿರುತ್ತಾರೆ ಅಥವಾ ಅಲಗನ್ನು ಬೆನ್ನಿನ ಕಡೆಗೆ ತೆಳುವಾಗಿಸಿರುತ್ತಾರೆ, ಆಗಲೇ ಸೀಳಿನಲ್ಲಿ ಅಲಗು ಸಲೀಸಾಗಿ ಆಡುವುದು. ನಾಲ್ಕೈದು ಮಿಲಿಮೀಟರ್ ದಪ್ಪದ ಚಾಕುವಿನ ಬೆನ್ನಿಗೆ ಹಲ್ಲು ಕೆತ್ತಿದರೆ ಅದು ಬೆರಳಿನಷ್ಟು ಆಳಕ್ಕೂ ಇಳಿಯದೆ ಸಿಕ್ಕಿಕೊಳ್ಳುತ್ತದೆ. ಹಿಡಿಯೊಳಗೆ ಬೆಂಕಿಕಡ್ಡಿ, ಗಾಳ ಇಡಲು ಟೊಳ್ಳು ಮಾಡಿದ ಚಾಕುಗಳು ಅಲಗು ಹಿಡಿ ಸೇರುವ ಜಾಗದಲ್ಲೇ ಮುರಿಯುತ್ತವೆ. ಹಿಡಿಯ ತುದಿಯವರೆಗೂ ಒಂದೇ ಉಕ್ಕಿನ ಪಟ್ಟಿ ಹೋಗಿರುವ, ಹತ್ತು ಸೆಂಟಿಮೀಟರ್ ಅಲಗಿನ ಸಾದಾ ಚಾಕು ನಿಮ್ಮ ಎಲ್ಲ ಕೆಲಸಕ್ಕೂ ಸಾಕು: ಹಗ್ಗ ಕತ್ತರಿಸಲು, ಬೆಂಕಿ ಹಿಡಿಸಲು ಕಟ್ಟಿಗೆಯಿಂದ ತೆಳು ಸಿಪ್ಪೆ ಎಬ್ಬಿಸಲು, ಗೂಟದ ತುದಿ ಚೂಪು ಮಾಡಲು.

ಚಾಕುವಿನ ಬೆನ್ನಿಗೆ ದೊಣ್ಣೆಯಿಂದ ಹೊಡೆದು ಕಟ್ಟಿಗೆ ಸೀಳುವುದನ್ನು ಈಗಿನ ಹುಡುಗರೆಲ್ಲ ಕಲಿಯುತ್ತಿದ್ದಾರೆ. ಅದರ ಹಿಂದೆ ಒಂದು ಕಾರಣವಿದೆ. ಸದಾ ಮಳೆ, ಹಿಮ ಇರುವ ದೇಶಗಳಲ್ಲಿ ಮರದ ಹೊರಭಾಗ ತೊಯ್ದಿರುತ್ತದೆ, ಒಣ ತಿರುಳು ಬೇಕಾದರೆ ಸೀಳಲೇಬೇಕು. ನಮ್ಮದು ವರ್ಷದ ಹೆಚ್ಚಿನ ತಿಂಗಳು ಒಣ ನೆಲ. ಇಲ್ಲಿ ಗಿಡದ ಮೇಲೇ ಒಣಗಿ ನಿಂತ ಟೊಂಗೆ ಒಳಗೂ ಹೊರಗೂ ಒಣಗಿರುತ್ತದೆ, ಸೀಳುವ ಅಗತ್ಯವೇ ಅಪರೂಪ. ಜಾಲಿಯಂಥ ಗಂಟು ಗಂಟಿನ, ಎಳೆ ಹೆಣೆದುಕೊಂಡ ಮರದಲ್ಲಿ ಅದನ್ನು ಪ್ರಯತ್ನಿಸಿದರೆ ಮರ ಉಳಿದು ಚಾಕು ಹೋಗುತ್ತದೆ.

ಅಪ್ಪ ಹೇಳಿದ ಮಚ್ಚು

ನಿಮ್ಮ ತಂದೆಯವರ ಮಾತನ್ನು ತಳ್ಳಿಹಾಕಬೇಡಿ. ಬೀಸುವ ಹತ್ಯಾರೇ ಬೇಕೆಂದಾದರೆ ನಾಲ್ಕೂ ಆಯ್ಕೆಗಳಲ್ಲಿ ನಾನು ಆರಿಸುವುದು ಕುಲುಮೆಯ ಮಚ್ಚನ್ನೇ. ಲಾರಿಯ ಸ್ಪ್ರಿಂಗ್ ಪ್ಲೇಟಿನಿಂದ ಬಡಿದು ಮಾಡಿದ ಮಚ್ಚಿಗೆ ಆ ಉಕ್ಕಿನ ಸ್ವಭಾವವೇ ಬಲ. ಪೆಟ್ಟು ತಿಂದು ಬಾಗಿ ಮತ್ತೆ ನೇರವಾಗುವ ಉಕ್ಕು ಅದು. ಬಿದಿರು ಹೊಡೆಯಲು, ಲಂಟಾನ ಸವರಲು, ಮಳೆಗಾಲದ ಮಲೆನಾಡಿನಲ್ಲಿ ದಾರಿ ಬಿಡಿಸಲು ಅದಕ್ಕೆ ಸಾಟಿ ಇಲ್ಲ. ನಾಲ್ವರಲ್ಲಿ ಒಬ್ಬರು ಒಂದನ್ನು ಒಯ್ದರೆ ಸಾಕು.

ಮಾಡಿಸುವಾಗ ಹದವನ್ನು, ಅಂದರೆ ಕಾಯಿಸಿದ ಉಕ್ಕು ಎಷ್ಟು ಗಟ್ಟಿಯಾಗಿದೆ ಎಂಬುದನ್ನು, ಪರೀಕ್ಷಿಸಿ. ಹೊಸ ಅರವನ್ನು ಬಾಯಿಯ ಮೇಲೆ ಮೆಲ್ಲಗೆ ಎಳೆದರೆ ಅದು ಸ್ವಲ್ಪ ಕಚ್ಚಬೇಕು. ಗಾಜಿನ ಮೇಲೆ ಜಾರಿದಂತೆ ಜಾರಿದರೆ ಹದ ಹೆಚ್ಚಾಗಿದೆ, ಒಣ ಗಂಟಿಗೆ ತಾಗಿದಾಗ ಬಾಯಿ ಚಕ್ಕೆ ಏಳುತ್ತದೆ. ಕಬ್ಬಿಣದ ಮೊಳೆಯಂತೆ ಸುಲಭವಾಗಿ ಸವೆದರೆ ಹದವೇ ಇಲ್ಲ, ಎರಡು ಕಡಿತಕ್ಕೆ ಬಾಯಿ ಮಡಚುತ್ತದೆ. ಕಮ್ಮಾರರಿಗೆ ಏತಕ್ಕಾಗಿ ಎಂದು ಸ್ಪಷ್ಟವಾಗಿ ಹೇಳಿ. ಹಸಿ ಬಿದಿರಿಗೂ ಒಣ ಜಾಲಿಗೂ ಅವರು ಬಾಯಿಯನ್ನು ಬೇರೆ ಬೇರೆ ದಪ್ಪಕ್ಕೆ ಮಸೆದು ಕೊಡುತ್ತಾರೆ. ಹಿಡಿಯ ತುದಿಯಲ್ಲಿ ಕೈ ಜಾರದಂತೆ ಒಂದು ಉಬ್ಬು ಬಿಡಿಸಿ. ಚರ್ಮದ್ದೋ ಮರದ್ದೋ ಒಂದು ಒರೆ ಮಾಡಿಸದೆ ಚೀಲಕ್ಕೆ ಹಾಕಬೇಡಿ.

ಮಚ್ಚು ಬೀಸುವವರಿಗೆ ನಮ್ಮ ಸೀಮೆಯಲ್ಲಿ ಒಂದು ವಿಶೇಷ ಎಚ್ಚರಿಕೆ ಬೇಕು. ಬೇಲಿಯ ಕಳ್ಳಿಗೆ ಏಟು ಬಿದ್ದರೆ ಹಾಲು ಸಿಡಿಯುತ್ತದೆ. ಅದು ಕಣ್ಣಿಗೆ ಬಿದ್ದರೆ ತೀವ್ರ ಉರಿ, ಊತ, ದೃಷ್ಟಿ ಮಸುಕಾಗುವುದು ಎಲ್ಲ ಆಗುತ್ತದೆ. ಕೂಡಲೇ ಹದಿನೈದು ಇಪ್ಪತ್ತು ನಿಮಿಷ ಶುದ್ಧ ನೀರಿನಿಂದ ಕಣ್ಣು ತೊಳೆದು ಆಸ್ಪತ್ರೆಗೆ ಹೋಗಬೇಕು. ಕೆಲಸದ ಕನ್ನಡಕ ನೂರು ರೂಪಾಯಿಗೆಲ್ಲ ಸಿಗುತ್ತದೆ, ಹಾಕಿಕೊಳ್ಳಿ. ಬಳ್ಳಾರಿ ಜಾಲಿಯ ಮುಳ್ಳು ಚಪ್ಪಲಿಯನ್ನು ತೂರಿ ಬರುತ್ತದೆ, ತುದಿ ಒಳಗೇ ಮುರಿದರೆ ವಾರಗಟ್ಟಲೆ ಬಾವು. ದಪ್ಪ ಅಟ್ಟೆಯ ಬೂಟು ಮತ್ತು ಹೋಗುವ ಮೊದಲು ಧನುರ್ವಾಯು ಚುಚ್ಚುಮದ್ದು, ಎರಡನ್ನೂ ಮರೆಯಬೇಡಿ.

ಕಡಿಯುವುದು ಎಷ್ಟು ಅಗತ್ಯ?

ಒಂದು ರಾತ್ರಿಯ ಬೆಂಕಿಗೆ ನೀವು ಊಹಿಸಿದಷ್ಟು ಕಡಿಯಬೇಕಾಗಿಲ್ಲ. ಹಳ್ಳಿಯ ಒಲೆಯ ಮುಂದೆ ಕೂತ ಅಜ್ಜಿಯರು ಮಾರುದ್ದದ ಕಟ್ಟಿಗೆಯನ್ನು ತುಂಡು ಮಾಡುತ್ತಾ ಕೂರುವುದಿಲ್ಲ. ತುದಿಯನ್ನು ಒಲೆಗಿಟ್ಟು, ಉರಿದಂತೆಲ್ಲ ಒಳಗೆ ತಳ್ಳುತ್ತಾರೆ. ಬಯಲಿನಲ್ಲೂ ಅದನ್ನೇ ಮಾಡಿ. ನಾಲ್ಕೈದು ಉದ್ದ ಕೊರಡುಗಳ ತುದಿಗಳನ್ನು ನಡುವೆ ಕೂಡಿಸಿ, ಉರಿದಷ್ಟೂ ಒಳಕ್ಕೆ ಸರಿಸುತ್ತಾ ಹೋದರೆ ಬೆಳಗಿನವರೆಗೆ ಕೆಂಡ ಉಳಿಯುತ್ತದೆ. ಮಣಿಕಟ್ಟಿನ ದಪ್ಪದವರೆಗಿನ ಒಣ ಟೊಂಗೆಯನ್ನು ಕವಲಾದ ಮರದ ಸಂದಿಗೆ ಸಿಕ್ಕಿಸಿ, ಉದ್ದ ತುದಿಯನ್ನು ಹಿಡಿದು ಪಕ್ಕಕ್ಕೆ ನಡೆದರೆ ಲಟಕ್ಕನೆ ಮುರಿಯುತ್ತದೆ. ಮುರಿಯುವಾಗ ಮುಖವನ್ನು ಆಚೆ ತಿರುಗಿಸಿರಿ. ಬೆಂಕಿ ಹಿಡಿಸಲು ಪುಳ್ಳೆಯನ್ನು ಕೈಯಿಂದಲೇ ಆರಿಸಬಹುದು. ಗರಗಸ ಬೇಕಾಗುವುದು ಮುರಿಯಲು ದಪ್ಪವಾದ, ಹೊತ್ತು ತರಲು ಉದ್ದವಾದ ಒಂದಷ್ಟು ಕಟ್ಟಿಗೆಗೆ, ಮತ್ತು ಆಸರೆಯ ಗೂಟಗಳಿಗೆ ಮಾತ್ರ.

ಬಿದ್ದ ಕಟ್ಟಿಗೆಯ ಅಡಿಗೆ ನೇರವಾಗಿ ಕೈ ಹಾಕಬೇಡಿ. ಈ ಕಲ್ಲುಗುಡ್ಡಗಳ ಒಣ ಕುರುಚಲಿನಲ್ಲಿ ಗರಗಸ ಮಂಡಲ, ಕೊಳಕುಮಂಡಲ ಎಂಬ ವಿಷದ ಹಾವುಗಳು ಎರಡೂ ಇವೆ, ಚೇಳಂತೂ ಸರಿಯೇ. ಕೋಲಿನಿಂದ ಉರುಳಿಸಿ, ಬೆಳಕಿನಲ್ಲಿ ನೋಡಿ, ಆಮೇಲೆ ಎತ್ತಿ. ಕಣಗಿಲೆ ಕಡ್ಡಿಯನ್ನು ಒಲೆಗೂ ಹಾಕಬೇಡಿ, ಅಡುಗೆಗೆ ಚುಚ್ಚುಗೋಲಾಗಿಯೂ ಬಳಸಬೇಡಿ, ಅದರ ಎಲ್ಲ ಭಾಗವೂ ವಿಷ.

ಇಲ್ಲಿ ನನ್ನ ಮನಸ್ಸಿನಲ್ಲಿರುವ ಇನ್ನೊಂದು ಮಾತನ್ನೂ ಹೇಳಬೇಕು. ಚಿತ್ರದುರ್ಗ ಸೀಮೆಯಲ್ಲಿ ದಾರಿ ತಪ್ಪಿದವರನ್ನು ಕಂಗೆಡಿಸುವುದು ಚಳಿಗಿಂತ ಮೊದಲು ಬಾಯಾರಿಕೆ, ಅದರ ಬೆನ್ನಿಗೇ ಕತ್ತಲಲ್ಲಿ ಬಂಡೆಗಳ ಮೇಲೆ ನಡೆಯುವ ದುಡುಕು. ಕೈಗೊಡಲಿ ಬಿಟ್ಟು ಉಳಿಸಿದ ತೂಕಕ್ಕೆ ಅರ್ಧ ಲೀಟರ್ ನೀರು ಹೆಚ್ಚಿಗೆ ಹೊರಿ. ಸೂರ್ಯ ಮುಳುಗಿದ ಮೇಲೆ ಇದ್ದಲ್ಲೇ ಇರಿ. ಕರಡಿಗಳು ಓಡಾಡುವುದು ಮುಸ್ಸಂಜೆಯಿಂದ ನಸುಕಿನವರೆಗೆ. ನಿಮ್ಮ ಕೈಯಲ್ಲಿರುವ ಮಚ್ಚು ಕರಡಿಯ ಎದುರು ರಕ್ಷಣೆ ಎಂದು ದಯವಿಟ್ಟು ಭಾವಿಸಬೇಡಿ. ಗುಂಪಾಗಿರುವುದು, ಮಾತಾಡುತ್ತಿರುವುದು, ಅದಕ್ಕೆ ಎದುರಾಗದೆ ದೂರ ಸರಿಯುವುದು, ಇವೇ ರಕ್ಷಣೆ.

ಜೋಗಿಮಟ್ಟಿಗೆ ಒಯ್ಯಬಹುದೇ?

ಇಲ್ಲ. ಜೋಗಿಮಟ್ಟಿ ಈಗ ವನ್ಯಜೀವಿಧಾಮ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕೊಂಡುಕುರಿ ವನ್ಯಜೀವಿಧಾಮಕ್ಕೂ ಇದೇ ಉತ್ತರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೇ ಕಲಮಿನ ಪ್ರಕಾರ ವನ್ಯಜೀವಿಧಾಮದೊಳಗೆ ಆಯುಧದೊಂದಿಗೆ ಪ್ರವೇಶಿಸಲು ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅಧಿಕೃತ ಅಧಿಕಾರಿಯ ಲಿಖಿತ ಪೂರ್ವಾನುಮತಿ ಬೇಕು. ಆ ಕಾಯ್ದೆಯಲ್ಲಿ ಆಯುಧದ ವ್ಯಾಖ್ಯೆ ಬಂದೂಕಿಗೆ ಸೀಮಿತವಲ್ಲ, ಚಾಕುವೂ ಅದರಲ್ಲಿ ಸೇರಿದೆ. 30ನೇ ಕಲಮು ವನ್ಯಜೀವಿಧಾಮಕ್ಕೆ ಅಪಾಯವಾಗುವಂತೆ ಅಲ್ಲಿ ಬೆಂಕಿ ಹಚ್ಚುವುದನ್ನು, ಉರಿಯುತ್ತಾ ಬಿಟ್ಟುಬರುವುದನ್ನು ನಿಷೇಧಿಸುತ್ತದೆ. ‘ಬಿದ್ದ ಕಟ್ಟಿಗೆ ತಾನೇ’ ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಮೀಸಲು ಅರಣ್ಯಗಳಿಗೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಅನ್ವಯಿಸುತ್ತದೆ. ಅರಣ್ಯ ಅಪರಾಧಕ್ಕೆ ಬಳಸಿದ ಹತ್ಯಾರು, ವಾಹನ ಎರಡನ್ನೂ ವಶಪಡಿಸಿಕೊಳ್ಳಲು ಅವಕಾಶವಿದೆ. ಈ ಕುರುಚಲು ಕಾಡುಗಳಲ್ಲಿ ಶ್ರೀಗಂಧ ತಾನಾಗಿ ಬೆಳೆಯುತ್ತದೆ. ತಿಳಿಯದೆ ಕೊಯ್ದ ಎಳೆಯ ಗಂಧದ ಗಿಡಕ್ಕೆ ನೀವು ಕೊಡುವ ವಿವರಣೆಯನ್ನು ಯಾವ ಅಧಿಕಾರಿಯೂ ಸುಲಭಕ್ಕೆ ನಂಬಲಾರ.

ಫೆಬ್ರುವರಿಯಿಂದ ಮೊದಲ ಮಳೆಯವರೆಗೆ ಕಾಡಂಚಿನಲ್ಲಿ ಬೆಂಕಿಯ ಅಭ್ಯಾಸವೇ ಬೇಡ. ಒಣಹುಲ್ಲಿಗೆ ಬಿದ್ದ ಒಂದು ಕಿಡಿ ಗಾಳಿ ಹಿಡಿದು ಗುಡ್ಡ ಏರುವುದನ್ನು ಕಣ್ಣಾರೆ ಕಂಡವನು ನಾನು. ಹಸಿ ಸೊಪ್ಪು ಹಿಡಿದು ಅದನ್ನು ಬಡಿದು ಆರಿಸುವ ಸಿಬ್ಬಂದಿಯ ಪಾಡು ನೋಡಿದ್ದರೆ ನೀವು ಬೆಂಕಿಪೊಟ್ಟಣ ಮುಟ್ಟುತ್ತಿರಲಿಲ್ಲ.

ಭಾವನವರ ಜಮೀನು ಅಭ್ಯಾಸಕ್ಕೆ ಒಳ್ಳೆಯ ಜಾಗ. ಅಲ್ಲಿ ಬಳ್ಳಾರಿ ಜಾಲಿ ಇದ್ದರೆ ಅದರ ಮೇಲೇ ಕೈ ಪಳಗಿಸಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಅನುಮತಿಯಿಂದ ವಿನಾಯಿತಿ ಪಡೆದ ಮರಗಳಲ್ಲಿ ಅದೂ ಒಂದು. ಜೊತೆಗೆ ಕಡಿದಷ್ಟೂ ಭಾವನವರಿಗೆ ಉಪಕಾರ. ಮಳೆ ಬಿದ್ದ ಮೇಲೆ, ನೆಲ ಹಸಿಯಿದ್ದಾಗ, ಒಂದು ಕೊಡ ನೀರು ಪಕ್ಕದಲ್ಲಿಟ್ಟುಕೊಂಡು ಬೆಂಕಿ ಮಾಡಿ.

ಉತ್ತರಾಖಂಡದ ವಿಷಯ ಚಿಕ್ಕದು. ಅಲ್ಲಿ ಸುಮಾರು 3,500 ಮೀಟರ್ ಎತ್ತರ ದಾಟಿದ ಮೇಲೆ ಮರಗಳೇ ವಿರಳವಾಗಿ ಹುಲ್ಲುಗಾವಲು ಶುರುವಾಗುತ್ತದೆ. ಕಡಿಯಲು ಏನೂ ಇಲ್ಲದ ಕಡೆ ಕೊಡಲಿ ಹೊತ್ತು ಫಲವಿಲ್ಲ. ಆ ಚಳಿಗೆ ಉತ್ತರ ಬೆಚ್ಚನೆಯ ಬಟ್ಟೆ, ಒಳ್ಳೆಯ ಮಲಗುಚೀಲ, ಅಡುಗೆಗೆ ಗ್ಯಾಸ್ ಒಲೆ. ಅಲ್ಲಿಗೆ ಚಾಕು ಮಾತ್ರ ಒಯ್ಯಿರಿ.

ನಿಮ್ಮ ಮೂರು ಸಾವಿರದಲ್ಲಿ ಹೆಚ್ಚಿನ ಪಾಲನ್ನು ಗರಗಸಕ್ಕೆ ಹಾಕಿ, ಉಳಿದುದರಲ್ಲಿ ಚಾಕು, ಕೈಗವಸು, ಕನ್ನಡಕ, ಬೆರಳುದ್ದದ ಸಾಣೆಕಲ್ಲು ತನ್ನಿ. ಅಗಲವಾದ ಗಾಜ್ ಬಟ್ಟೆ ಮತ್ತು ಬಿಗಿದು ಸುತ್ತುವ ಪಟ್ಟಿ ಹರಿತ ವಸ್ತುವಿನ ಜೊತೆಗೇ ಒಂದೇ ಜೇಬಿನಲ್ಲಿರಲಿ. ಆಳವಾದ ಗಾಯವಾದರೆ ಅರಿಸಿನ, ಕಾಫಿಪುಡಿ ಮೆತ್ತಬೇಡಿ. ಬಟ್ಟೆಯಿಟ್ಟು ಅಂಗೈಯಿಂದ ಬಲವಾಗಿ ಒತ್ತಿ ಹಿಡಿಯಿರಿ, ಹತ್ತು ನಿಮಿಷ ತೆಗೆದು ನೋಡಬೇಡಿ, 108ಕ್ಕೆ ಕರೆ ಮಾಡಿಸಿ. ಜಾಲಿಯ ಅಂಟು ಹತ್ತಿದ ಅಲಗನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿ, ಒಣಗಿಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿ ಮಡಚಿಡಿ. ಬಸ್ಸಿನಲ್ಲಿ ಹೋಗುವಾಗ ಮಚ್ಚು ಒರೆಯೊಳಗೆ, ಚೀಲದ ತಳದಲ್ಲಿ ಇರಲಿ, ಕೈಯಲ್ಲಿ ಹಿಡಿದು ಓಡಾಡಬೇಡಿ. ವಿಮಾನದಲ್ಲಾದರೆ ಚಾಕು, ಗರಗಸ ಎರಡನ್ನೂ ಕೌಂಟರಿನಲ್ಲಿ ಒಪ್ಪಿಸುವ ಸಾಮಾನಿನಲ್ಲೇ ಹಾಕಬೇಕು. ಗ್ಯಾಸ್ ಡಬ್ಬಿಯನ್ನು ಯಾವ ಸಾಮಾನಿನಲ್ಲೂ ಬಿಡುವುದಿಲ್ಲ, ಅದನ್ನು ಚಾರಣ ಶುರುವಾಗುವ ಊರಿನಲ್ಲೇ ಕೊಳ್ಳಿ.